ಸಿಂಗಾಪುರದಲ್ಲಿ ಹದಿಮೂರೂವರೆ ಗಂಟೆ, ಜೊತೆಗೆ ಅಪ್ಪ ಅಮ್ಮ. ಹೊರಗೆ ಹೋಗಬಹುದಾ?

ಹಳೇಪೇಟೆ ಹುಡುಗಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯವರೇ ಜಾಸ್ತಿ ಇದ್ದೀರಿ ಅಂತ ಇಲ್ಲೇ ಕೇಳುತ್ತಿದ್ದೇನೆ. ನನ್ನ ತಮ್ಮ ಮೆಲ್ಬರ್ನ್‌ನಲ್ಲಿದ್ದಾನೆ, ಮಗು ಆಗಿದೆ. ಅಪ್ಪ (71), ಅಮ್ಮ (66), ನಾನು ಮೂವರೂ ಹೊರಟಿದ್ದೇವೆ. ಬೆಂಗಳೂರಿಂದ ರಾತ್ರಿ 11ಕ್ಕೆ ವಿಮಾನ, ಸಿಂಗಾಪುರಕ್ಕೆ ಬೆಳಗ್ಗೆ 6ಕ್ಕೆ. ಅಲ್ಲಿಂದ ಮೆಲ್ಬರ್ನ್‌ಗೆ ಹೊರಡುವುದು ಸಂಜೆ 7:30ಕ್ಕೆ. ನಡುವೆ ಹದಿಮೂರೂವರೆ ಗಂಟೆ! ಟಿಕೆಟ್ ಅಗ್ಗ ಸಿಕ್ಕಿತು ಅಂತ ತಮ್ಮ ಇದನ್ನೇ ಬುಕ್ ಮಾಡಿದ. ಮೂವರದ್ದೂ ಒಂದೇ ಟಿಕೆಟ್, ಎರಡೂ ವಿಮಾನ ಅದರಲ್ಲೇ ಇವೆ.

ನಾನೊಂದು ಪಟ್ಟಿ ಮಾಡಿಟ್ಟಿದ್ದೇನೆ. ಮರ್‌ಲಯನ್ ಪ್ರತಿಮೆ, ಗಾರ್ಡನ್ಸ್ ಬೈ ದ ಬೇ, ಸೆಂಟೋಸಾ, ಲಿಟಲ್ ಇಂಡಿಯಾ, ಮುಸ್ತಫಾ ಅಂಗಡಿ, ಆಮೇಲೆ ಏರ್‌ಪೋರ್ಟಿನ ಜಲಪಾತ. ಇಷ್ಟೂ ಆಗುತ್ತಾ? ಅಪ್ಪ ಕೂತಲ್ಲಿ ಕೂರುವ ಜನ ಅಲ್ಲ. ಅಮ್ಮನದು ಬೇರೆ ತಲೆನೋವು. ಸ್ನಾನ ಮಾಡಿ ಲಿಂಗಪೂಜೆ ಆಗದೆ ತುತ್ತು ಬಾಯಿಗಿಡುವುದಿಲ್ಲ. ಏರ್‌ಪೋರ್ಟ್‌ನಲ್ಲಿ ಸ್ನಾನ ಎಲ್ಲಿಂದ ತರಲಿ? ವೀಸಾ ಬೇಕಾ ಅನ್ನುವುದೂ ಗೊತ್ತಿಲ್ಲ. ದಯವಿಟ್ಟು ಹೇಳಿ.

ಮಂಡಕ್ಕಿ ಭಟ್ಟಿ

ಮೊದಲೇ ಹೇಳಿಬಿಡುತ್ತೇನೆ. ಈ ಚರ್ಚೆಯಲ್ಲಿ "ಅಲ್ಲಿ ಬೆಣ್ಣೆ ದೋಸೆ ಸಿಗುತ್ತಾ" ಅಂತ ಯಾರೂ ಕೇಳಬಾರದು. ಪ್ರತಿ ಸಲ ಅದೇ ಜೋಕು, ಸಾಕಾಗಿದೆ.

ಅಕ್ಕಾರೆ, ಆರು ಜಾಗ ಅಂತೂ ಆಗದ ಮಾತು. ಎರಡಾದರೆ ಪುಣ್ಯ.

ಕುಂದವಾಡ ಕೆರೆ ವಾಕರ್

ವೀಸಾ ವಿಷಯ ನಾನು ಹೇಳುತ್ತೇನೆ, ಎರಡು ಸಲ ಈ ದಾರಿಯಲ್ಲಿ ಹೋಗಿದ್ದೇನೆ. ಭಾರತದ ಪಾಸ್‌ಪೋರ್ಟ್‌ಗೆ ಸಿಂಗಾಪುರದಲ್ಲಿ ಸುಮ್ನೆ ಬಿಡುವುದಿಲ್ಲ, ವೀಸಾ ಬೇಕು. ಆದರೆ ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಇಳಿದವರಿಗೆ 96 ಗಂಟೆಯ ವೀಸಾ ರಹಿತ ಟ್ರಾನ್ಸಿಟ್ ಅಂತ ಒಂದು ಸೌಲಭ್ಯ ಇದೆ. ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ಜಪಾನ್, ನ್ಯೂಜಿಲೆಂಡ್, ಸ್ವಿಟ್ಜರ್‌ಲೆಂಡ್, ಬ್ರಿಟನ್, ಅಮೆರಿಕ, ಇವುಗಳಲ್ಲಿ ಒಂದು ದೇಶದ ವೀಸಾ ಚಾಲ್ತಿಯಲ್ಲಿರಬೇಕು. ಮುಂದಿನ ಟಿಕೆಟ್ ಕೈಯಲ್ಲಿರಬೇಕು. ನಿಮ್ಮದು ಆಸ್ಟ್ರೇಲಿಯಾ ಆದ್ದರಿಂದ ಬಚಾವ್.

ಒಂದು ಗುಂಡಿ ಇದೆ, ನೋಡಿಕೊಳ್ಳಿ. ವೀಸಾ ಒಂದೇ ಸಲ ಪ್ರವೇಶದ್ದಾದರೆ ಈ ಸೌಲಭ್ಯ ಸಿಗುವುದು ವಾಪಸ್ ಬರುವಾಗ ಮಾತ್ರ, ಹೋಗುವಾಗ ಇಲ್ಲ. ಅಪ್ಪ ಅಮ್ಮನ ವೀಸಾ ಪತ್ರ ತೆಗೆದು "ಮಲ್ಟಿಪಲ್ ಎಂಟ್ರಿ" ಅಂತ ಇದೆಯಾ ಓದಿ. ಆಸ್ಟ್ರೇಲಿಯಾದವರು ಪಾಸ್‌ಪೋರ್ಟ್‌ಗೆ ಏನೂ ಅಂಟಿಸುವುದಿಲ್ಲ, ಎಲ್ಲಾ ಕಂಪ್ಯೂಟರ್‌ನಲ್ಲೇ. ಆ ಪತ್ರದ ಪ್ರಿಂಟ್ ಮೂವರದ್ದೂ ಬೇರೆ ಬೇರೆ ಇರಲಿ. ಮೊಬೈಲ್‌ನಲ್ಲಿದೆ ಅಂತ ಹೊರಟು, ಕೌಂಟರ್ ಮುಂದೆ ಚಾರ್ಜ್ ಹೋದರೆ ಕಷ್ಟ.

ಆಮೇಲೆ ಎಸ್‌ಜಿ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ, ಆನ್‌ಲೈನ್‌ನಲ್ಲಿ. ಇದು ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಹೊರಡುವ ವಾರ ಅಲ್ಲಿನ ಇಮಿಗ್ರೇಶನ್ ಇಲಾಖೆ, ಅಂದರೆ ಐಸಿಎ ವೆಬ್‌ಸೈಟ್ ಒಮ್ಮೆ ನೋಡಿ. ನಿಯಮ ಆಗಾಗ ಬದಲಾಗುತ್ತದೆ, ಮತ್ತೆ ಕೊನೆಯ ಮಾತು ಕೌಂಟರ್‌ನಲ್ಲಿ ಕೂತ ಅಧಿಕಾರಿಯದೇ.

ಏರ್‌ಪೋರ್ಟ್ ಒಳಗೇ ಇರುತ್ತೀರಿ ಅಂದರೆ ಇದು ಯಾವುದೂ ಬೇಡ.

ಹರಿಹರ ಜಂಕ್ಷನ್

ನನ್ನ ಕೇಳಿದರೆ ಒಳಗೇ ಇರಿ. ಚಾಂಗಿ ಏರ್‌ಪೋರ್ಟ್ ಅಂದರೆ ಒಂದು ಊರೇ ಸೈ. ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟ ಇದೆ, ಎರಡನೆಯದರಲ್ಲಿ ಸೂರ್ಯಕಾಂತಿ ತೋಟ. ಕಾಲು ಚಾಚಿ ಮಲಗಲು ಕುರ್ಚಿ, ಪುಕ್ಕಟೆ ಸಿನಿಮಾ. ಇಷ್ಟೆಲ್ಲಾ ಇಟ್ಟುಕೊಂಡು ಬಿಸಿಲಲ್ಲಿ ವಯಸ್ಸಾದವರನ್ನು ಯಾಕೆ ಅಲೆದಾಡಿಸುತ್ತೀರಿ?

ದುರ್ಗದ ಬಿಸಿಲು (ಚಿತ್ರದುರ್ಗ)

ಹರಿಹರದವರ ಮಾತು ಅರ್ಧ ಸರಿ. ಉಳಿದರ್ಧಕ್ಕೆ ಈ ಲೆಕ್ಕ ನೋಡಿ.

ಹಳೇಪೇಟೆಯವರೇ, ನೀವು ಬೆಳಗ್ಗೆ ಆರರಿಂದ ಸಂಜೆ ಏಳೂವರೆ ತನಕ ಎಣಿಸಿದ್ದೀರಿ. ಅದು ಗಡಿಯಾರದ ಲೆಕ್ಕ. ದಾವಣಗೆರೆಯವರು ಊರು ಬಿಟ್ಟ ಹೊತ್ತಿನಿಂದ ಎಣಿಸಬೇಕು. ರಾತ್ರಿ 11ರ ವಿಮಾನಕ್ಕೆ ಮೂರು ಗಂಟೆ ಮುಂಚೆ ದೇವನಹಳ್ಳಿಯಲ್ಲಿ ಇರಬೇಕು. ದಾವಣಗೆರೆಯಿಂದ ಕಾರಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೂ ಐದು ಗಂಟೆ ಬೇಕು. ಊಟ, ಟೀ, ಅಮ್ಮನಿಗೆ ಒಂದೆರಡು ಕಡೆ ನಿಲ್ಲಿಸುವುದು ಸೇರಿ ಆರು. ಅಂದರೆ ಮಧ್ಯಾಹ್ನ ಎರಡರ ಒಳಗೆ ಮನೆ ಬಿಡುತ್ತೀರಿ. ಅವತ್ತು ಬೆಳಗ್ಗೆ ಐದಕ್ಕೇ ಎದ್ದಿರುತ್ತೀರಿ, ಅಲ್ವಾ? ಹೊರಡುವ ದಿನ ಯಾರ ಮನೆಯಲ್ಲಿ ನಿದ್ದೆ ಇರುತ್ತದೆ?

ಈಗ ಇನ್ನೊಂದು. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ ಆರು ಅಂದರೆ ದಾವಣಗೆರೆಯಲ್ಲಿ ರಾತ್ರಿ ಮೂರೂವರೆ. ನಿಮ್ಮ ಅಪ್ಪನ ಮೈಗೆ ಅದು ಮೂರೂವರೆಯೇ. ಮೂರೂವರೆಗೆ ಎಬ್ಬಿಸಿ ಮರ್‌ಲಯನ್ ತೋರಿಸಿದರೆ ಅವರಿಗೆ ಏನು ಕಾಣುತ್ತದೆ ಹೇಳಿ.

ಹಾಗಾಗಿ ಮೊದಲ ಮೂರ್ನಾಲ್ಕು ಗಂಟೆ ಬರೀ ನಿದ್ದೆ ಮತ್ತು ಸ್ನಾನಕ್ಕೆ. ಚಾಂಗಿ ಒಳಗೇ ಟ್ರಾನ್ಸಿಟ್ ಹೋಟೆಲ್ ಇವೆ. ಇಮಿಗ್ರೇಶನ್ ದಾಟಬೇಕಾಗಿಲ್ಲ, ಆರು ಗಂಟೆ ಲೆಕ್ಕದಲ್ಲಿ ರೂಮ್ ಕೊಡುತ್ತಾರೆ. ಮೊದಲೇ ಬುಕ್ ಮಾಡಿ, ಬೆಳಗಿನ ಹೊತ್ತು ಬೇಗ ಭರ್ತಿ ಆಗುತ್ತದೆ. ಸಿಗದಿದ್ದರೆ ದುಡ್ಡು ಕೊಟ್ಟು ಬರೀ ಸ್ನಾನ ಮಾಡುವ ಜಾಗಗಳೂ ಇವೆ. ಟವೆಲ್, ಸೋಪು ಅವರೇ ಕೊಡುತ್ತಾರೆ.

ಹತ್ತೂವರೆಗೆ ಹೊರಬೀಳಿ. ಸಂಜೆ ನಾಲ್ಕೂವರೆಗೆ ಏರ್‌ಪೋರ್ಟಿಗೆ ವಾಪಸ್. ಹೋಗಿ ಬರುವುದಕ್ಕೆ ಎರಡು ಗಂಟೆ. ಇಮಿಗ್ರೇಶನ್ ಸಾಲು, ಊಟ, ದಾರಿ ತಪ್ಪುವುದು ಒಂದು ಗಂಟೆ. ಉಳಿದದ್ದು ಮೂರು ಗಂಟೆ. ನಿಮ್ಮ ಹದಿಮೂರೂವರೆ ಗಂಟೆ ಅಂದರೆ ಈ ಮೂರು ಗಂಟೆ. ಅದಕ್ಕೆ ಒಂದು ಜಾಗ ಆರಿಸಿ.

ನಮ್ಮ ದುರ್ಗಕ್ಕೂ ಇಂಥವರೇ ಬರುತ್ತಾರೆ. ಹಂಪಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆ ಗಾಡಿ ನಿಲ್ಲಿಸಿ, ಒನಕೆ ಓಬವ್ವನ ಕಿಂಡಿ ಮುಂದೆ ಫೋಟೋ ತೆಗೆಸಿಕೊಂಡು, ಏಳು ಸುತ್ತಿನ ಕೋಟೆ ನೋಡಿದೆವು ಅನ್ನುತ್ತಾರೆ. ಅವರನ್ನು ಬೈದುಕೊಳ್ಳುವ ನಾವೇ ಪರದೇಶಕ್ಕೆ ಹೋದಾಗ ಆರು ಜಾಗದ ಪಟ್ಟಿ ಹಿಡಿದಿರುತ್ತೇವೆ.

ಹಳೇಪೇಟೆ ಹುಡುಗಿ

ದುರ್ಗದವರೇ, ಆ ಮೂರೂವರೆಯ ಲೆಕ್ಕ ಓದಿ ಪಟ್ಟಿ ಹರಿದು ಹಾಕಿದೆ. ಅಪ್ಪನಿಗೆ ಹೇಳಿದರೆ "ನಾನೇನು ಮಲಗೋಕೆ ಸಿಂಗಾಪುರಕ್ಕೆ ಹೋಗಬೇಕಾ" ಅಂತಿದ್ದಾರೆ. ಒಂದು ಜಾಗ ಅಂದರೆ ಯಾವುದು?

ನೀಲಿ ಲೈನ್

ನಾನು ಮೂಲ ಚನ್ನಗಿರಿ, ಸಿಂಗಾಪುರಕ್ಕೆ ಬಂದು ಒಂಬತ್ತು ವರ್ಷ ಆಯಿತು. ಊರಿಂದ ಬರುವವರಿಗೆಲ್ಲ ಹೇಳುವುದು ಒಂದೇ. ಡೌನ್‌ಟೌನ್ ಲೈನ್ ಹಿಡಿಯಿರಿ, ಮ್ಯಾಪಿನಲ್ಲಿ ನೀಲಿ ಬಣ್ಣದ್ದು. ಏರ್‌ಪೋರ್ಟಿಂದ ಮೆಟ್ರೊ ಹತ್ತಿ ಮೊದಲ ಸ್ಟೇಷನ್ ಎಕ್ಸ್‌ಪೋದಲ್ಲಿ ಇಳಿದು ನೀಲಿ ಲೈನಿಗೆ ಬದಲಾಯಿಸಿ. ಆಮೇಲೆ ಎಲ್ಲೂ ಬದಲಾಯಿಸುವುದು ಬೇಡ. ಗಾರ್ಡನ್ಸ್ ಬೈ ದ ಬೇ ಬೇಕಾದರೆ ಬೇಫ್ರಂಟ್, ಲಿಟಲ್ ಇಂಡಿಯಾಗೆ ಅದೇ ಹೆಸರಿನ ಸ್ಟೇಷನ್, ಬೊಟಾನಿಕ್ ಗಾರ್ಡನ್ಸ್‌ಗೂ ಅದೇ ಹೆಸರಿನದು, ಮೂರೂ ಇದೇ ಲೈನಿನಲ್ಲಿವೆ. ವಯಸ್ಸಾದವರಿಗೆ ಮೆಟ್ಟಿಲು ಹತ್ತಿ ಇಳಿದು ಲೈನ್ ಬದಲಾಯಿಸುವುದೇ ಸುಸ್ತು. ಐದು ನಿಮಿಷ ತಡ ಆದರೂ ಕೂತಲ್ಲೇ ಕೂತು ಹೋಗುವುದು ಮೇಲು.

ಇನ್ನೊಂದು ಗುಟ್ಟು. ಈ ಲೈನ್ ಊರೊಳಗೆ ಸುತ್ತು ಹಾಕಿ ಹೋಗುತ್ತದೆ. ಲಿಟಲ್ ಇಂಡಿಯಾಗೆ ಹೋಗುವವರು ಕೊನೆತನಕ ಕೂರದೆ ಜಲಾನ್ ಬೆಸಾರ್‌ನಲ್ಲೇ ಇಳಿದು ಹತ್ತು ನಿಮಿಷ ನಡೆದರೂ ಸಾಕು.

ಟಿಕೆಟ್ ಅಂತ ತೆಗೆಯುವುದು ಬೇಡ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅಂತ ಬರೆದಿರುವ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಹೋಗಬಹುದು. ಆದರೆ ಒಬ್ಬರಿಗೆ ಒಂದು ಕಾರ್ಡ್. ನಿಮ್ಮ ಕಾರ್ಡಲ್ಲಿ ಮೂವರೂ ದಾಟಲು ಆಗುವುದಿಲ್ಲ. ಮತ್ತೆ ಊರಲ್ಲೇ ಬ್ಯಾಂಕ್ ಆ್ಯಪಿನಲ್ಲಿ ವಿದೇಶ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡೂ ಆನ್ ಮಾಡಿಕೊಳ್ಳಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದ ಹೊಸ ಕಾರ್ಡುಗಳಲ್ಲಿ ಇವು ಬಂದ್ ಆಗಿಯೇ ಬರುತ್ತವೆ. ನಮ್ಮ ಮಾವ ಇಲ್ಲಿ ಗೇಟಿನ ಮುಂದೆ ನಿಂತು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಅಂಗಿಗೆ ಒರೆಸಿ, ಮತ್ತೆ ತಾಗಿಸಿ, ಹಿಂದೆ ಸಾಲೇ ನಿಂತಿತ್ತು.

ಮೆಟ್ರೊ ಒಳಗೆ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ನೀರೂ ಇಲ್ಲ. 500 ಡಾಲರ್ ತನಕ ದಂಡ ಅಂತ ಬೋರ್ಡೇ ಹಾಕಿದ್ದಾರೆ. ಅಪ್ಪ ಅಮ್ಮನ ಮಾತ್ರೆ ಹತ್ತುವ ಮೊದಲೇ ನುಂಗಿಸಿ. ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು, ಬಾಟಲಿ ಕೊಳ್ಳಬೇಡಿ.

ಭೀಮಸಮುದ್ರ ಅಡಿಕೆ

ಸರ್, ಅಡಿಕೆ ಒಯ್ಯಬಹುದಾ?

ನೀಲಿ ಲೈನ್

ಹೆಸರು ನೋಡಿದಾಗಲೇ ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಚನ್ನಗಿರಿಯವನಾಗಿ ಹೇಳುತ್ತಿದ್ದೇನೆ, ಬೇಡ. ಅಡಿಕೆಯ ಜೊತೆ ಜೇಬಲ್ಲಿ ಇನ್ನೇನು ಇರುತ್ತದೆ ಅಂತ ನನಗೂ ಗೊತ್ತು, ಕಸ್ಟಮ್ಸ್‌ನವರಿಗೂ ಗೊತ್ತು. ಜಗಿಯುವ ತಂಬಾಕು, ಗುಟ್ಕಾ ಇಲ್ಲಿ ನಿಷಿದ್ಧ. ಇ-ಸಿಗರೇಟ್ ನಿಷಿದ್ಧ. ಚೂಯಿಂಗ್ ಗಮ್ ಕೂಡ ತರುವ ಹಾಗಿಲ್ಲ. ಎಲ್ಲಕ್ಕಿಂತ ಮೋಸ ಮಾಡುವುದು ಗಸಗಸೆ. ಮಸಾಲೆ ಪುಡಿ ಜೊತೆ ಅಮ್ಮಂದಿರು ಪ್ರೀತಿಯಿಂದ ಕಟ್ಟಿರುತ್ತಾರೆ. ಅದು ಅಫೀಮಿನ ಗಿಡದ ಬೀಜ. ಇಲ್ಲೂ ಬೇಡ, ಗಲ್ಫ್ ದಾರಿಯಲ್ಲಂತೂ ಬೇಡವೇ ಬೇಡ.

ದೋಹಾ ಡ್ಯೂಟಿ

ಅಮೆರಿಕಕ್ಕೆ ಹೋಗುವವರು ಯಾರಾದರೂ ಓದುತ್ತಿದ್ದರೆ ದೋಹಾ ಬಗ್ಗೆ ಎರಡು ಮಾತು. ಭಾರತೀಯರಿಗೆ ಷರತ್ತಿನ ಮೇಲೆ ವೀಸಾ ಇಲ್ಲದೆ ಬಿಡುತ್ತಾರೆ, ಆದರೆ ಹೋಟೆಲ್ ಬುಕಿಂಗ್ ಕೇಳುವುದುಂಟು, ಮೊದಲೇ ವಿಚಾರಿಸಿ. ಹಮದ್ ಏರ್‌ಪೋರ್ಟಿಂದ ಕೆಂಪು ಲೈನ್ ಮೆಟ್ರೊ ಹತ್ತಿ ಮಶೇರಿಬ್‌ನಲ್ಲಿ ಚಿನ್ನದ ಬಣ್ಣದ ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಸೂಕ್ ವಾಕಿಫ್. ಹಳೇ ಮಾರ್ಕೆಟ್, ಸಂಜೆ ಹೋದರೆ ಚೆಂದ. ಜೂನ್‌ನಿಂದ ಆಗಸ್ಟ್ ತನಕ ಹಗಲು ಹೊತ್ತು ಹೊರಗೆ ಕಾಲಿಡಬೇಡಿ. ನಮ್ಮ ಬಳ್ಳಾರಿ ಬಿಸಿಲು ತಂಪು ಅನ್ನಿಸುತ್ತದೆ. ಇಸ್ತಾಂಬುಲ್ ಕಡೆ ಹೋಗುವವರಿಗೆ ಅಲ್ಲಿನ ಏರ್‌ಲೈನ್ಸ್‌ನವರೇ, ನಡುವೆ ಆರು ಗಂಟೆ ಮೇಲಿದ್ದರೆ, ಪುಕ್ಕಟೆ ಊರು ತೋರಿಸುತ್ತಾರೆ. ಅಮೆರಿಕದ ವೀಸಾ ಇದ್ದವರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ.

ಕುಂದವಾಡ ಕೆರೆ ವಾಕರ್

ಪುಕ್ಕಟೆ ಪ್ರವಾಸ ಅಂದಾಗ ನೆನಪಾಯಿತು. ಚಾಂಗಿಯಲ್ಲೂ ಇದೆ. ಫ್ರೀ ಸಿಂಗಾಪುರ ಟೂರ್ ಅಂತ. ನಡುವಿನ ಸಮಯ ಐದೂವರೆ ಗಂಟೆಯಿಂದ 24 ಗಂಟೆ ಒಳಗೆ ಇರಬೇಕು. ಎಸಿ ಬಸ್ಸು, ಗೈಡು, ಎರಡೂವರೆ ಗಂಟೆ ಸುತ್ತಿಸಿ ತಂದು ಬಿಡುತ್ತಾರೆ. ನಡೆಯಲಾಗದವರಿಗೆ ಇದಕ್ಕಿಂತ ಬೇರೆ ಇಲ್ಲ. ಆದರೆ ಹೆಸರು ಬರೆಸುವುದು ಟ್ರಾನ್ಸಿಟ್ ಜಾಗದಲ್ಲಿ, ಇಮಿಗ್ರೇಶನ್ ದಾಟುವ ಮೊದಲೇ. ಹೊರಗೆ ಬಂದು ಕೇಳಿದರೆ ಇಲ್ಲ. ವೀಸಾ ನಿಯಮ ಇದಕ್ಕೂ ಅದೇ.

ಹರಿಹರ ಜಂಕ್ಷನ್

ಆ ದೊಡ್ಡ ಜಲಪಾತ ಎಲ್ಲಿದೆ ಹಾಗಾದರೆ? ಒಳಗೇ ಇದೆ ಅಂದುಕೊಂಡಿದ್ದೆ.

ನೀಲಿ ಲೈನ್

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಜಲಪಾತ ಇರುವ ಜ್ಯುವೆಲ್ ಕಟ್ಟಡ ಇಮಿಗ್ರೇಶನ್ ಹೊರಗಿದೆ, ಮೊದಲ ಟರ್ಮಿನಲ್ ಮುಂದೆ. 2019ರಲ್ಲಿ ಶುರುವಾಯಿತು. ನೀರು 40 ಮೀಟರ್ ಮೇಲಿಂದ ಬೀಳುತ್ತದೆ, ಕಟ್ಟಡದ ಒಳಗಿನ ಜಲಪಾತಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು. ಹೊರಗೆ ಹೋಗಲು ಆಗದವರು ಟರ್ಮಿನಲ್‌ಗಳ ನಡುವೆ ಓಡುವ ಸ್ಕೈಟ್ರೇನ್ ಹತ್ತಿ. ಅದು ಜಲಪಾತದ ಪಕ್ಕದಲ್ಲೇ ಹೋಗುತ್ತದೆ, ಕ್ಷಣ ಹೊತ್ತು ಕಾಣುತ್ತದೆ. ಬೆಳ್ಳಂಬೆಳಗ್ಗೆ ನೀರು ಬಿಟ್ಟಿರುವುದಿಲ್ಲ, ಅದು ನೆನಪಿರಲಿ.

ತುಪ್ಪದ ಡಬ್ಬಿ

ನನ್ನ ಕಥೆ ಕೇಳಿ, ಪಾಠಕ್ಕಾಗುತ್ತದೆ. ದುಡ್ಡು ಉಳಿಸೋಣ ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದೆ, ಎರಡು ಬೇರೆ ಕಂಪನಿಯವು. ಹೆಸರು ಬೇಡ, ಊರೂ ಬೇಡ. ನಡುವೆ ಒಂಬತ್ತು ಗಂಟೆ ಇತ್ತು, ಆರಾಮ ಅಂದುಕೊಂಡೆ. ಬೆಂಗಳೂರಲ್ಲಿ ಬ್ಯಾಗಿಗೆ ಕಟ್ಟಿದ ಚೀಟಿ ನೋಡಲೇ ಇಲ್ಲ. ಅದರಲ್ಲಿ ಬರೆದದ್ದು ನಡುವಿನ ಊರು. ಬ್ಯಾಗ್ ಇಮಿಗ್ರೇಶನ್ ಆಚೆ ಬೆಲ್ಟ್ ಮೇಲೆ ಸುತ್ತುತ್ತಿದೆ, ನಾನು ಈಚೆ. ನನ್ನ ಹತ್ತಿರ ಆ ದೇಶದ ವೀಸಾ ಇಲ್ಲ. ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು, ಅವರು ಮತ್ತೆ ಮೊದಲಿನವರ ಹತ್ತಿರವೇ. ಒಂಬತ್ತು ಗಂಟೆ ಊರು ನೋಡುವುದಿರಲಿ, ಒಂದು ಕುರ್ಚಿ ಮೇಲೆ ನೆಟ್ಟಗೆ ಕೂರಲಿಲ್ಲ. ಬ್ಯಾಗ್ ಬಂದದ್ದು ನಾನು ತಲುಪಿದ ಮೂರು ದಿನಕ್ಕೆ. ಶೇಂಗಾ ಚಟ್ನಿಯ ಎಣ್ಣೆ ಎಲ್ಲಾ ಸೀರೆಗೂ.

ಅಕ್ಕಾರೆ, ನಿಮ್ಮದು ಒಂದೇ ಟಿಕೆಟ್, ಆದರೂ ಬೆಂಗಳೂರಲ್ಲೇ ಚೀಟಿ ಮೇಲೆ ಮೆಲ್ಬರ್ನ್ ಅಂತ ಇದೆಯಾ ನೋಡಿ. ಎರಡೂ ಬೋರ್ಡಿಂಗ್ ಪಾಸ್ ಅಲ್ಲೇ ಇಸಿದುಕೊಳ್ಳಿ.

ಚಂದ್ರವಳ್ಳಿ

ನಡುವೆ ನನ್ನದೊಂದು ಪ್ರಶ್ನೆ, ಕ್ಷಮಿಸಿ. ನಮ್ಮ ಅಕ್ಕ ದೆಹಲಿಯಿಂದ ಬೆಂಗಳೂರಿಗೆ ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಕೊಚ್ಚಿಗೆ ಹೋಗುತ್ತಾಳೆ. ಒಂಬತ್ತು ಗಂಟೆ. ದುರ್ಗಕ್ಕೆ ಬಂದು ಅಮ್ಮನ್ನ ನೋಡಿ ಹೋಗಲಾ ಅಂತಿದ್ದಾಳೆ.

ದುರ್ಗದ ಬಿಸಿಲು

ಬೇಡ ತಾಯಿ. ಒಂದು ದಾರಿಗೆ ಮೂರೂವರೆ, ನಾಲ್ಕು ಗಂಟೆ. ಅಮ್ಮನ ಕೈಯ ನೀರು ಕುಡಿದು ತಿರುಗಬೇಕು ಅಷ್ಟೇ. ಅಮ್ಮನ್ನೇ ಕರೆದುಕೊಂಡು ನೀವೇ ಬೆಳಗ್ಗೆ ಹೊರಡಿ. ದೇವನಹಳ್ಳಿ ಕೋಟೆ ಏರ್‌ಪೋರ್ಟಿನ ಪಕ್ಕದಲ್ಲೇ ಇದೆ. ಒಳಗೆ ವೇಣುಗೋಪಾಲಸ್ವಾಮಿ ದೇವಸ್ಥಾನ, ಹೊರಗೆ ಟಿಪ್ಪು ಹುಟ್ಟಿದ ಜಾಗ. ದುರ್ಗದವರ ಕಣ್ಣಿಗೆ ಆ ಕೋಟೆ ಚಿಕ್ಕದು, ಅದನ್ನು ಅಲ್ಲಿ ಜೋರಾಗಿ ಹೇಳಬೇಡಿ. ಇನ್ನೂ ಟೈಮ್ ಇದ್ದರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಬೆಟ್ಟ ಹತ್ತುವುದು ಬೇಡ, ಬುಡದಲ್ಲೇ ಇದೆ. ಕಲ್ಯಾಣಿ ಮೆಟ್ಟಿಲ ಮೇಲೆ ಅಕ್ಕ ಅಮ್ಮ ಕೂತು ಮಾತಾಡಬಹುದು. ಬೆಂಗಳೂರು ಊರೊಳಗೆ ಮಾತ್ರ ಹೋಗಬೇಡಿ, ಹೆಬ್ಬಾಳದಲ್ಲೇ ದಿನ ಮುಗಿಯುತ್ತದೆ.

ಚಂದ್ರವಳ್ಳಿ

ಇದು ಹೊಳೆದೇ ಇರಲಿಲ್ಲ. ಅಮ್ಮ ಈಗಲೇ ಹೋಳಿಗೆಗೆ ಬೇಳೆ ಆರಿಸುತ್ತಿದ್ದಾರೆ.

ಮಂಡಕ್ಕಿ ಭಟ್ಟಿ

ಹಳೇಪೇಟೆಯವರು ಹೋದರಾ? ಸುದ್ದಿಯೇ ಇಲ್ಲ.

ಹಳೇಪೇಟೆ ಹುಡುಗಿ

ಹೋದೆವು, ಬಂದೆವು! ಐದು ವಾರ ಆಯಿತು. ಮೊನ್ನೆ ದಾವಣಗೆರೆಗೆ ಬಂದು ಈಗ ಬರೆಯುತ್ತಿದ್ದೇನೆ. ಉದ್ದ ಇದೆ, ಟೀ ಇಟ್ಟುಕೊಂಡು ಓದಿ.

ಮೊದಲು ಕರಡಿಗೆ ಕಥೆ. ಬೆಂಗಳೂರಲ್ಲಿ ಸೆಕ್ಯುರಿಟಿ ಚೆಕ್‌ಗೆ ನಿಂತಾಗ ಅಮ್ಮನ ಕತ್ತಿನಲ್ಲಿದ್ದ ಬೆಳ್ಳಿ ಕರಡಿಗೆಗೆ ಮೆಷಿನ್ ಕೂಗಿತು. ನಾನು ಇಂಗ್ಲಿಷ್‌ನಲ್ಲಿ ವಿವರಿಸಲು ಬಾಯಿ ತೆರೆದೆ. ಅಲ್ಲಿದ್ದ ಸಿಐಎಸ್‌ಎಫ್ ಮೇಡಂ "ಲಿಂಗಾನಾ ಅಮ್ಮಾ?" ಅಂದರು. ಅಮ್ಮ ಹೌದು ಅಂದರು. ಅವರು ಮುಟ್ಟಲಿಲ್ಲ, ಅಮ್ಮನೇ ಮುಚ್ಚಳ ತೆಗೆದು ತೋರಿಸಿದರು, ಮುಗಿಯಿತು. ಸಿಂಗಾಪುರದಲ್ಲಿ ಗೇಟಿನ ಹತ್ತಿರ ಚೆಕ್ ಮಾಡುವವಳಿಗೆ ಅದೇನು ಅಂತ ಗೊತ್ತಾಗಲಿಲ್ಲ. "ಪ್ರೇಯರ್" ಅಂತ ಒಂದೇ ಮಾತು ಹೇಳಿದೆ. ತಟ್ಟೆಯಲ್ಲಿ ಇಡಿ ಅಂದಳು. ಅಮ್ಮ ಬರಿ ತಟ್ಟೆಯಲ್ಲಿ ಇಡಲು ಒಪ್ಪಲಿಲ್ಲ. ಶಿವದಾರ ಸಮೇತ ತಮ್ಮ ಹೊಸ ಕರ್ಚೀಫ್ ಹಾಸಿ ಅದರ ಮೇಲಿಟ್ಟರು. ಬೆಲ್ಟ್ ಒಳಗೆ ಹೋಗಿ ಆಚೆ ಬರುವ ತನಕ ಅಮ್ಮ ಉಸಿರೇ ಬಿಡಲಿಲ್ಲ.

ಟ್ರಾನ್ಸಿಟ್ ಹೋಟೆಲ್ ಭರ್ತಿಯಾಗಿತ್ತು. ದುರ್ಗದವರು ಮೊದಲೇ ಬುಕ್ ಮಾಡಿ ಅಂದಿದ್ದರು, ನಾನು ಉದಾಸೀನ ಮಾಡಿದೆ, ತಪ್ಪು ನನ್ನದೇ. ಕಾಲು ಚಾಚುವ ಕುರ್ಚಿ ಸಿಕ್ಕಿದ್ದು ಎರಡು. ಅಪ್ಪ ಮಲಗೋಕೆ ಬಂದಿಲ್ಲ ಅನ್ನುತ್ತಿದ್ದವರು ಶಾಲು ಹೊದ್ದು ಹತ್ತು ನಿಮಿಷಕ್ಕೆ ಗೊರಕೆ. ಎಬ್ಬಿಸಿದ್ದು ಒಂಬತ್ತೂವರೆಗೆ. ಎಸಿ ಜೋರು, ಶಾಲು ಮರೆಯಬೇಡಿ.

ಸ್ನಾನದ ಜಾಗ ಚೊಕ್ಕ ಇತ್ತು, ಬಿಸಿನೀರು ಧಾರಾಳ. ಅಮ್ಮನಿಗೆ ಷವರ್ ರೂಢಿ ಇಲ್ಲ. ಒಳಗಿಂದ "ತಂಬಿಗೆ ಇಲ್ಲವೇನೇ" ಅಂತ ಕೂಗಿದರು. ಬ್ಯಾಗಲ್ಲಿ ಸ್ಟೀಲ್ ಲೋಟ ಇತ್ತು, ಬಾಗಿಲ ಸಂದಿಯಲ್ಲಿ ಕೊಟ್ಟೆ. ಆಮೇಲೆ ಪೂಜೆ. ಎಲ್ಲ ಧರ್ಮದವರಿಗೂ ಅಂತ ಪ್ರಾರ್ಥನಾ ಕೋಣೆ ಇದೆ. ಬರಿಗಾಲಲ್ಲಿ ಹೋಗಬೇಕು, ಕಾರ್ಪೆಟ್ ಹಾಸಿದೆ. ಒಂದು ಮೂಲೆಯಲ್ಲಿ ಒಬ್ಬ ಹುಡುಗ ನಮಾಜ್ ಮಾಡುತ್ತಿದ್ದ. ಇನ್ನೊಂದು ಮೂಲೆಯಲ್ಲಿ ಅಮ್ಮ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರು. ಮನೆಯಲ್ಲಿ ಇಪ್ಪತ್ತು ನಿಮಿಷದ ಪೂಜೆ, ಅಲ್ಲೂ ಇಪ್ಪತ್ತೇ ನಿಮಿಷ. ನಾನು ಹೊರಗೆ ಚಪ್ಪಲಿ ಕಾಯುತ್ತಾ ನಿಂತೆ. ಹೊರಗೆ ಬಂದವರೇ "ಈಗ ಕಾಫಿ ಕೊಡಿಸು" ಅಂದರು.

ಹೊರಬಿದ್ದಾಗ ಹನ್ನೊಂದು ಕಾಲು. ಅಧಿಕಾರಿ ನೋಡಿದ್ದು ಆಸ್ಟ್ರೇಲಿಯಾ ವೀಸಾ ಪ್ರಿಂಟು ಮತ್ತು ಮುಂದಿನ ಬೋರ್ಡಿಂಗ್ ಪಾಸು. ಕಾರ್ಡ್ ತಾಗಿಸಿ ಮೆಟ್ರೊ ಹತ್ತಿದೆವು. ಅಪ್ಪನ ಕಾರ್ಡ್ ಮೊದಲನೇ ಸಲಕ್ಕೇ ಹೊಡೆಯಿತು, ಅವರಿಗೆ ಅದೇ ದೊಡ್ಡ ಹೆಮ್ಮೆ. ಜಲಾನ್ ಬೆಸಾರ್‌ನಲ್ಲಿ ಇಳಿದು ನಡೆದೆವು. ಬಿಸಿಲಿಗಿಂತ ಸೆಕೆ ಜಾಸ್ತಿ. ಸೆರಂಗೂನ್ ರೋಡಿನ ವೀರಮಾಕಾಳಿಯಮ್ಮನ ಗುಡಿ ಮುಟ್ಟುವಾಗ ಮಧ್ಯಾಹ್ನದ ಬಾಗಿಲು ಹಾಕುವ ಹೊತ್ತು. ಕೈ ಮುಗಿದು ಬಂದೆವು ಅಷ್ಟೇ. ಹೋಗುವವರು ಇದನ್ನು ನೋಡಿಕೊಳ್ಳಿ, ನಮ್ಮಲ್ಲಿಯ ಹಾಗೇ ಅಲ್ಲೂ ಮಧ್ಯಾಹ್ನ ಗುಡಿ ಬಂದ್.

ಊಟ ಕೋಮಲ ವಿಲಾಸ್‌ನಲ್ಲಿ. 1947ರಿಂದ ನಡೆಯುತ್ತಿರುವ ಹೋಟೆಲ್, ಪೂರ್ತಿ ಸಸ್ಯಾಹಾರ. ಬಾಳೆ ಎಲೆ ಮೇಲೆ ಅನ್ನ ಸಾರು ನೋಡಿ ಅಮ್ಮನ ಮುಖ ಅರಳಿತು. ಬಡಿಸುವವರು ತಮಿಳಲ್ಲಿ ಕೇಳಿದರು, ಅಮ್ಮ ದಾವಣಗೆರೆ ಕನ್ನಡದಲ್ಲೇ ಉತ್ತರ ಕೊಟ್ಟರು. ಇಬ್ಬರಿಗೂ ಏನೂ ತೊಂದರೆ ಆಗಲಿಲ್ಲ. ಮಂಡಕ್ಕಿ ಭಟ್ಟಿಯವರೇ, ಅಪ್ಪ ಆ ದೋಸೆ ಪ್ರಶ್ನೆ ಕೇಳಿದರು. ನಾನು ಉತ್ತರಿಸಲಿಲ್ಲ.

ಅಲ್ಲಿಂದ ಟೆಕ್ಕಾ ಮಾರ್ಕೆಟ್. ಅಪ್ಪ ನಲವತ್ತು ವರ್ಷ ಕಾಳಿನ ವ್ಯಾಪಾರ ಮಾಡಿದವರು. ನಾನು ಮರ್‌ಲಯನ್ ಅಂತ ಒದ್ದಾಡುತ್ತಿದ್ದರೆ ಅವರು ತರಕಾರಿ ಅಂಗಡಿ ಮುಂದೆ ಒಂದು ಗಂಟೆ ಕಳೆದರು. ನುಗ್ಗೆಕಾಯಿ ಹಿಡಿದು ಬಗ್ಗಿಸಿ ನೋಡುವುದು, ಬದನೆಕಾಯಿ ತೊಟ್ಟು ಒತ್ತುವುದು, ರೇಟನ್ನು ರೂಪಾಯಿಗೆ ಬದಲಾಯಿಸಿ ತಲೆ ಮೇಲೆ ಕೈ ಹೊತ್ತುಕೊಳ್ಳುವುದು. ಒಂದು ಅಂಗಡಿಯಲ್ಲಿ ವೀಳ್ಯದೆಲೆ ಕವಳಿ ಕಟ್ಟಿ ಒದ್ದೆ ಬಟ್ಟೆ ಹೊದಿಸಿಟ್ಟಿದ್ದರು. ಅಪ್ಪ ಒಂದು ಎಲೆ ತೆಗೆದು ಮೂಸಿ, "ಇದು ಖಾರದ ಎಲೆ, ನಮ್ಮದಲ್ಲ" ಅಂತ ವಾಪಸ್ ಇಟ್ಟರು. ಅಂಗಡಿಯವರು ನಕ್ಕು ಆ ಎಲೆಯನ್ನು ಅವರಿಗೇ ಕೊಟ್ಟರು. ಅಪ್ಪ ಮನೆಗೆ ಫೋನ್ ಮಾಡಿದವರಿಗೆಲ್ಲ ಈಗಲೂ ಹೇಳುವುದು ಸಿಂಗಾಪುರದ ನುಗ್ಗೆಕಾಯಿ ರೇಟನ್ನೇ.

ಗಾರ್ಡನ್ಸ್‌ಗೂ ಹೋಗಿಬಿಡೋಣ ಅಂತ ನನಗೆ ಆಸೆ ಇತ್ತು. ಎರಡು ಗಂಟೆಗೆ ಮಳೆ ಹಿಡಿಯಿತು. ನಮ್ಮ ಕಡೆಯ ತುಂತುರು ಅಲ್ಲ, ಕೊಡ ಬಗ್ಗಿಸಿದ ಹಾಗೆ. ಅಮ್ಮನ ಮಂಡಿ ನೋವೂ ಶುರುವಾಗಿತ್ತು. ಸೀದಾ ಮೆಟ್ರೊ ಹತ್ತಿ ವಾಪಸ್. ಜ್ಯುವೆಲ್‌ನಲ್ಲಿ ಜಲಪಾತದ ಎದುರು ಕೂತೆವು. ಅಮ್ಮ ಅರ್ಧ ಗಂಟೆ ಮಾತೇ ಆಡಲಿಲ್ಲ. ಅಪ್ಪ ಎತ್ತರ ಎಷ್ಟು ಅಂತ ಕೇಳಿದರು. ನಲವತ್ತು ಮೀಟರ್, ನೂರಾ ಮೂವತ್ತು ಅಡಿ ಅಂದೆ. "ಜೋಗ ಎಂಟುನೂರಾ ಮೂವತ್ತು" ಅಂದರು. ಆಮ್ಯಾಲೆ ಸ್ವಲ್ಪ ಹೊತ್ತು ಬಿಟ್ಟು, "ಆದರೆ ಇದು ಬೇಸಿಗೇಲೂ ಇರುತ್ತೆ ನೋಡು" ಅಂತ ತಾವೇ ಒಪ್ಪಿಕೊಂಡರು.

ಐದಕ್ಕೆ ಒಳಗೆ. ಒಂದು ವಿಷಯ ಯಾರೂ ಹೇಳಿರಲಿಲ್ಲ. ಅಲ್ಲಿ ಸೆಕ್ಯುರಿಟಿ ಚೆಕ್ ಮಾಡುವುದು ಗೇಟಿನ ಬಾಗಿಲಲ್ಲೇ. ಒಳಗೆ ತುಂಬಿಸಿಕೊಂಡ ನೀರಿನ ಬಾಟಲಿ ಅಲ್ಲಿ ಖಾಲಿ ಮಾಡಿಸಿದರು.

ಮೆಲ್ಬರ್ನ್‌ನಲ್ಲಿ ತಿನ್ನುವ ಸಾಮಾನು ಇದೆ ಅಂತ ಫಾರ್ಮ್‌ನಲ್ಲಿ ಬರೆದುಬಿಟ್ಟೆ. ರೊಟ್ಟಿ, ಚಟ್ನಿಪುಡಿ ತೆಗೆದು ನೋಡಿ ಬಿಟ್ಟರು. ಪಕ್ಕದ ಸಾಲಿನಲ್ಲಿ ಒಬ್ಬರು ಏನೂ ಇಲ್ಲ ಅಂತ ಬರೆದು, ಬ್ಯಾಗಿಂದ ಹಸಿ ಕರಿಬೇವು ಸಿಕ್ಕಿ, ನಾವು ಹೊರಡುವಾಗಲೂ ಅಲ್ಲೇ ನಿಂತಿದ್ದರು.

ಹರಿಹರ ಜಂಕ್ಷನ್

ಒಳಗೇ ಇರಿ ಅಂದಿದ್ದೆ, ಆ ಮಾತು ವಾಪಸ್ ತೆಗೆದುಕೊಂಡೆ. ಟೆಕ್ಕಾ ಮಾರ್ಕೆಟ್ ಅಂತ ಬರೆದಿಟ್ಟುಕೊಂಡಿದ್ದೇನೆ.

ದುರ್ಗದ ಬಿಸಿಲು

ಮೂರು ಗಂಟೆ ಅಂದಿದ್ದೆ. ನಿಮ್ಮ ಲೆಕ್ಕ ನೋಡಿದರೆ ಹೊರಗೆ ಇದ್ದದ್ದು ಎರಡು ಗಂಟೆ ಚಿಲ್ಲರೆ. ಅದರಲ್ಲಿ ಒಂದು ಗಂಟೆ ನುಗ್ಗೆಕಾಯಿಗೆ!

ತುಪ್ಪದ ಡಬ್ಬಿ

ಅಕ್ಕಾರೆ, ನಮ್ಮ ಅತ್ತೆಯವರೂ ಮುಂದಿನ ತಿಂಗಳು ಹೊರಟಿದ್ದಾರೆ, ಅವರದೂ ಕರಡಿಗೆ ಇದೆ. ವಿಭೂತಿ ಕೈಚೀಲದಲ್ಲಿ ಹೋಗುತ್ತಾ, ದೊಡ್ಡ ಬ್ಯಾಗಿಗೆ ಹಾಕಬೇಕಾ?

ಹಳೇಪೇಟೆ ಹುಡುಗಿ

ಕೈಚೀಲದಲ್ಲೇ ಹೋಯಿತು. ಗಟ್ಟಿ ತಗೊಳ್ಳಿ, ಪುಡಿ ಬೇಡ. ಬಿಳಿ ಪುಡಿ ಕಂಡರೆ ಪ್ರಶ್ನೆ ಜಾಸ್ತಿ. ಮತ್ತೆ ಒಂದು ಸ್ಟೀಲ್ ಲೋಟ ಮೇಲೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.